ಅಪ್ಪ ಯಾಕೆ ಬಾಗಿಲ ಕಡೆ ನೋಡ್ತಾರೆ

ಅಪ್ಪನಿಗೆ ಎಡಗಿವಿ ಮಂದ ಆಗಿ ಎರಡು ವರ್ಷ ಆಯ್ತು. ಅವರು ಕೂತ್ಕೊಳ್ಳೋ ಕುರ್ಚಿಯ ಬಲಕ್ಕೆ ಬಾಗಿಲು, ಎಡಕ್ಕೆ ಅಡುಗೆಮನೆ. ಅಡುಗೆಮನೆಯಿಂದ ನಾನು ಕರೆದ್ರೆ ಅವರು ಬಾಗಿಲ ಕಡೆ ನೋಡ್ತಾರೆ. ಪ್ರತಿ ಸಲ. "ಕೇಳಿಸ್ತಾ ಅಪ್ಪಾ?" ಅಂದ್ರೆ "ಕೇಳಿಸ್ತಮ್ಮಾ, ಎಲ್ಲಿದ್ದೀಯ ನೀನು?" ಅಂತಾರೆ. ನಾನು ಹೇಳಿದ್ದು ಅಷ್ಟೂ ಕೇಳಿಸಿರುತ್ತೆ, ಎಲ್ಲಿಂದ ಅನ್ನೋದು ಮಾತ್ರ ಗೊತ್ತಾಗಿರಲ್ಲ.

ಇದು ತಲೆಗೆ ಹತ್ತಿ ಓದೋಕೆ ಶುರು ಮಾಡಿದೆ, ಓದ್ತಾ ಓದ್ತಾ ಗೂಬೆಗಳ ಹತ್ರ ಬಂದು ನಿಂತೆ. ಮಸಕಾಜು ಕೊನಿಶಿ ಅಂತ ಒಬ್ಬ ವಿಜ್ಞಾನಿ, ಜಪಾನಿನ ಕ್ಯೋಟೋದಲ್ಲಿ ಹುಟ್ಟಿದವರು, ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ್ರು, 2020ರಲ್ಲಿ ತೀರಿಕೊಂಡ್ರು. ಕಣಜ ಗೂಬೆ ಒಂಚೂರೂ ಬೆಳಕಿಲ್ಲದ ಕತ್ತಲಲ್ಲಿ ಬರೀ ಸದ್ದು ಕೇಳಿಸ್ಕೊಂಡೇ ಇಲಿ ಹಿಡಿಯುತ್ತೆ ಅನ್ನೋದು ಅಷ್ಟೊತ್ತಿಗೆ ಗೊತ್ತಿತ್ತು, ಆದ್ರೆ ಅದರ ಮೆದುಳಿನೊಳಗೆ ಯಾವ ನರ ಯಾವುದಕ್ಕೆ ಸೇರಿ ಇದು ಸಾಧ್ಯ ಆಗುತ್ತೆ ಅಂತ ಹುಡುಕ್ತಾ ಹೋದವರು ಇವರು ಮತ್ತೆ ಇವರ ಜೊತೆಗಾರರು.

ಕಣ್ಣಲ್ಲಾದ್ರೆ ಎಡಗಡೆಯ ವಸ್ತುವಿನ ಚಿತ್ರ ಒಂದು ಕಡೆ ಬೀಳುತ್ತೆ, ಬಲಗಡೆಯದು ಇನ್ನೊಂದು ಕಡೆ, ಅಲ್ಲೇ ದಿಕ್ಕು ಸಿಕ್ಕಿಬಿಡುತ್ತೆ. ಕಿವಿಗೆ ಆ ಸೌಲಭ್ಯ ಇಲ್ಲ. ಕಿವಿ ಅಳೆಯೋದು ಕಂಪನ ಅಷ್ಟೇ, ದಿಕ್ಕನ್ನ ಮೆದುಳೇ ಲೆಕ್ಕ ಹಾಕಿ ಕಟ್ಟಬೇಕು. ಎಡಗಡೆಯ ಸದ್ದು ಎಡಗಿವಿಗೆ ಸ್ವಲ್ಪ ಮುಂಚೆ ತಲುಪುತ್ತೆ, ಸ್ವಲ್ಪ ಜೋರಾಗೂ ಇರುತ್ತೆ. ಆ "ಸ್ವಲ್ಪ ಮುಂಚೆ" ಅನ್ನೋದು ನಮ್ಮ ತಲೆಯ ಅಗಲಕ್ಕೆ ಹೆಚ್ಚು ಅಂದ್ರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಮ್ಮಿ! ಅದರಲ್ಲೂ ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ವ್ಯತ್ಯಾಸವನ್ನ ಪಳಗಿದ ಕಿವಿ ಗುರುತಿಸುತ್ತೆ ಅಂತ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತಿದ್ದೆ.

ಇದು ಹೇಗೆ ಆಗಬಹುದು ಅಂತ ಲಾಯ್ಡ್ ಜೆಫ್ರೆಸ್ ಅನ್ನೋ ಅಮೆರಿಕದ ಮನೋವಿಜ್ಞಾನಿ 1948ರಲ್ಲೇ ಒಂದು ಊಹೆ ಬರೆದಿದ್ರು. ಒಂದು ಬೀದಿಯ ಎರಡು ತುದಿಯಿಂದ ಇಬ್ಬರು ಒಂದೇ ವೇಗದಲ್ಲಿ ಎದುರುಬದುರು ನಡ್ಕೊಂಡು ಬರ್ತಿದಾರೆ ಅಂದ್ಕೊಳ್ಳಿ, ಇಬ್ಬರೂ ಒಟ್ಟಿಗೆ ಹೊರಟ್ರೆ ನಡುಬೀದಿಯಲ್ಲಿ ಸಿಗ್ತಾರೆ, ಒಬ್ಬ ಮುಂಚೆ ಹೊರಟಿದ್ರೆ ಇನ್ನೊಬ್ಬನ ಮನೆ ಹತ್ರ ಸಿಗ್ತಾರೆ, ಹಾಗಾಗಿ ಎಲ್ಲಿ ಸಿಕ್ಕಿದ್ರು ಅಂತ ನೋಡಿದ್ರೆ ಸಾಕು, ಯಾರು ಎಷ್ಟು ಮುಂಚೆ ಹೊರಟ್ರು ಅಂತ ಗೊತ್ತಾಗುತ್ತೆ. ಎರಡೂ ಕಿವಿಯ ನರಗಳು ಹಾಗೆ ಎದುರುಬದುರು ಬರ್ತವೆ, ದಾರಿಯುದ್ದಕ್ಕೂ ನಿಂತಿರೋ ನರಕೋಶಗಳಲ್ಲಿ ಎರಡೂ ಸುದ್ದಿ ಒಟ್ಟಿಗೆ ಮುಟ್ಟಿದ್ದು ಯಾವುದಕ್ಕೋ ಅದು ಜೋರಾಗಿ ಮಿಡಿಯುತ್ತೆ. ಕ್ಯಾಥರೀನ್ ಕಾರ್ ಮತ್ತು ಕೊನಿಶಿ ಸುಮಾರು ನಲವತ್ತು ವರ್ಷ ಆದ್ಮೇಲೆ ಗೂಬೆಯ ಮೆದುಳಲ್ಲಿ ಹೆಚ್ಚುಕಮ್ಮಿ ಇದೇ ಜೋಡಣೆಯನ್ನ ತೋರಿಸಿದ್ರು. (ನಮ್ಮಂಥ ಸಸ್ತನಿಗಳಲ್ಲೂ ಹೀಗೇನಾ ಅನ್ನೋದರ ಬಗ್ಗೆ ವಾದ ಇನ್ನೂ ನಡೀತಿದೆ.)

ಆದ್ರೆ ನನ್ನ ಮನಸ್ಸಲ್ಲಿ ಕೂತಿದ್ದು ಕೊನಿಶಿ ಜೊತೆ ಕೆಲಸ ಮಾಡಿ ಆಮೇಲೆ ಸ್ಟ್ಯಾನ್‌ಫೋರ್ಡ್‌ಗೆ ಹೋದ ಎರಿಕ್ ಕ್ನುಡ್ಸೆನ್ ಅವರ ಕೆಲಸ. ಅವರು ಮರಿ ಗೂಬೆಗಳ ಒಂದು ಕಿವಿಗೆ ಬೆಣೆ ಹಾಕಿದ್ರು. ಮೊದಲು ಅವು ತೆರೆದ ಕಿವಿಯ ಕಡೆಗೇ ತಪ್ಪಾಗಿ ತಿರುಗ್ತಿದ್ವು, ಥೇಟ್ ನಮ್ಮಪ್ಪನ ಹಾಗೆ! ಕೆಲವು ವಾರಗಳಲ್ಲಿ ಸರಿಯಾದ್ವು. ಬೆಣೆ ತೆಗೆದ್ರೆ ಮತ್ತೆ ತಪ್ಪು, ಈ ಸಲ ಎದುರು ದಿಕ್ಕಿಗೆ. ಇನ್ನೊಂದು ಪ್ರಯೋಗದಲ್ಲಿ ಕಣ್ಣಿಗೆ ಪ್ರಿಸಂ ಕನ್ನಡಕ ಹಾಕಿ ನೋಟವನ್ನ 23 ಡಿಗ್ರಿ ಪಕ್ಕಕ್ಕೆ ಸರಿಸಿದ್ರು, ಮರಿಗಳ ಮೆದುಳಲ್ಲಿ ಸದ್ದಿನ ನಕಾಶೆ, ಅಂದ್ರೆ ಯಾವ ಸದ್ದು ಯಾವ ದಿಕ್ಕಿಂದು ಅನ್ನೋ ಲೆಕ್ಕ, ತಾನೂ ನಿಧಾನಕ್ಕೆ ಆ ಕಡೆ ಸರೀತು. ದೊಡ್ಡ ಗೂಬೆಗಳಲ್ಲಿ ಅಷ್ಟಾಗಿ ಸರೀಲಿಲ್ಲ. ವಯಸ್ಸಾದ್ಮೇಲೆ ಮುಗೀತು ಅಂತ ಅಲ್ಲಿಗೇ ಬಿಡಬಹುದಿತ್ತು, ಬಿಡಲಿಲ್ಲ ಅವರು. 2002ರಲ್ಲಿ ಬ್ರೀ ಲಿಂಕೆನ್‌ಹೋಕರ್ ಜೊತೆ ಸೇರಿ ದೊಡ್ಡ ಗೂಬೆಗಳಿಗೇ ಮೊದಲು 6 ಡಿಗ್ರಿ, ಆಮೇಲೆ 11, 17, ಕೊನೆಗೆ 23, ಹೀಗೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡಿದ್ರು. ಒಂದೇ ಸಲ ಕೊಟ್ಟಾಗ ಆಗಿದ್ದಕ್ಕಿಂತ ತುಂಬಾ ಹೆಚ್ಚು ಸರೀತು.

ಗೂಬೆಯ ವಿಷಯ ಮನುಷ್ಯರಿಗೆ ಹಾಗ್ಹಾಗೇ ಅನ್ವಯ ಆಗಲ್ಲ, ನನಗೂ ಗೊತ್ತು. ಆದ್ರೂ ಇದನ್ನ ಓದಿದ ದಿನ ನನಗೆ ಅಪ್ಪನ ಹಿಯರಿಂಗ್ ಏಡ್ ನೆನಪಾಯ್ತು. ತಂದ ಮೊದಲನೇ ದಿನವೇ ಬೆಳಗ್ಗೆಯಿಂದ ರಾತ್ರಿವರೆಗೂ ಹಾಕ್ಕೊಂಡಿರಿ ಅಂತ ನಾವೆಲ್ಲ ಒತ್ತಾಯ ಮಾಡಿದ್ವಿ. ತಟ್ಟೆ ಸದ್ದು, ಫ್ಯಾನ್ ಸದ್ದು, ಪೇಪರ್ ಮಡಿಸೋ ಸದ್ದು ಎಲ್ಲಾ ಒಟ್ಟಿಗೆ ತಲೆ ಮೇಲೆ ಬಿದ್ದ ಹಾಗಾಗಿ ಅವರು ಮೂರನೇ ದಿನ ಅದನ್ನ ತೆಗೆದು ಡ್ರಾಯರ್‌ನಲ್ಲಿಟ್ರು, ಆಮೇಲೆ ನಾವು ಅವರಿಗೆ ಹಠ ಅಂದ್ವಿ. ತಪ್ಪು ನಮ್ಮದೇ ಆಗಿತ್ತು. ಆಡಿಯಾಲಜಿಸ್ಟ್ ಹತ್ರ ಮತ್ತೆ ಹೋಗಿ ಕೇಳಿದಾಗ ಅವರೂ ಅದನ್ನೇ ಹೇಳಿದ್ರು, ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿ, ಮೊದಲು ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರ ಜೊತೆ ಮಾತ್ರ ಮಾತಾಡಲಿ ಅಂತ.

ಈಗ ಒಂದು ಗಂಟೆಗೆ ಬಂದಿದೀವಿ. ಆ ಒಂದು ಗಂಟೆ ನಾನು ಅವರ ಎಡಗಡೆ ಕೂತು ಮಾತಾಡ್ತೀನಿ, ಮುಖ ಕಾಣೋ ಹಾಗೆ. ನಿನ್ನೆ ಎದ್ದು ಅಡುಗೆಮನೆಗೆ ಹೋಗಿ ಅಲ್ಲಿಂದ "ಅಪ್ಪಾ" ಅಂದೆ. ಬಾಗಿಲ ಕಡೆ ತಿರುಗೋಕೆ ಹೊರಟವರು ಅರ್ಧಕ್ಕೆ ನಿಂತು, ಒಂದು ಕ್ಷಣ ತಡೆದು, ಈ ಕಡೆ ನೋಡಿದ್ರು. ಇವತ್ತು ಮತ್ತೆ ಬಾಗಿಲನ್ನೇ ನೋಡಿದ್ರು. ಸೋಮವಾರದಿಂದ ಒಂದೂವರೆ ಗಂಟೆ.