ಕುದುರೆ ಯಾವ ದೇಶದ್ದು ಅಂತ ನನಗೆ ಗೊತ್ತಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಗೊತ್ತಿಲ್ಲ. ಬೈಬಲಿನ ಜೆಕರ್ಯ ಪ್ರವಾದಿ ದರ್ಶನದಲ್ಲಿ ಕಂಡ ಕೆಂಪು ಕುದುರೆ ಯಾವ ದೇಶ, ನಾಲ್ಕು ಕೊಂಬು ಯಾವ್ಯಾವ ದೇಶ, ಇದೆಲ್ಲಾ ಯಾವ ಇಸವಿಯಲ್ಲಿ ನಡೆಯುತ್ತೆ, ಒಂದೂ ಗೊತ್ತಿಲ್ಲ. ಅಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ.

ನಾನು ಬೆಟಗೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ಬುಧವಾರ ಮಾತ್ರ ಸಂಜೆ ಏಳಕ್ಕೇ ಶಟರ್ ಎಳೆದು, ಹಿಂದಿನ ಕೋಣೆಯಲ್ಲಿ ಏಳೆಂಟು ಮಂದಿ ಕೂತು ಸತ್ಯವೇದ ಓದುತ್ತೇವೆ. ಹೋದ ವರ್ಷದಿಂದ ಜೆಕರ್ಯನ ಪುಸ್ತಕ ಹಿಡಿದಿದ್ದೇವೆ. ಇರುವುದು 14 ಅಧ್ಯಾಯ. ಇನ್ನೂ ಮುಗಿದಿಲ್ಲ, ಯಾಕೆಂದರೆ ಚಹಾ ಬಂದ ಮೇಲೆ ಯಾರೂ ಓದುವುದಿಲ್ಲ. ಈ ಸುದ್ದಿ ಸಭೆಯಲ್ಲಿ ಹೇಗೋ ಹಬ್ಬಿತು. ಆವತ್ತಿನಿಂದ ಭಾನುವಾರ ಆರಾಧನೆ ಮುಗಿಸಿ ಚಪ್ಪಲಿ ಹುಡುಕುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಹಿಡಿದುಕೊಂಡು, ಆ ಕುದುರೆ ಈಗಿನ ಯಾವ ದೇಶ ಅಂತ ಕೇಳುತ್ತಾರೆ.

ಅವರು ಕೇಳುವ ರೀತಿಯೇ ನನಗೆ ಸೇರುವುದಿಲ್ಲ. ಉತ್ತರವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ನಾನು ಹೂಂ ಅನ್ನಬೇಕು, ಅಷ್ಟೇ.

ಕಳೆದ ಬೇಸಿಗೆಯಲ್ಲಿ ಸಂಬಂಧಿಕರ ಹೊಸ ಮನೆಯ ಪ್ರಾರ್ಥನೆ ಇತ್ತು. ಊಟಕ್ಕೆ ಕೂತಾಗ ಎದುರಿಗೆ ಒಬ್ಬರು ಸಿಕ್ಕರು, ನಮ್ಮ ಅಂಗಡಿಯ ಹಳೇ ಗಿರಾಕಿ. ಎಡಗೈಯಲ್ಲಿ ಮೊಬೈಲ್ ಚಾಚಿ, "ಬ್ರದರ್, ಈ ನಾಕು ಕೊಂಬು ಅಂದ್ರ ಇವ ಅಲ್ರೀ?" ಅಂದರು. ಭೂಪಟ, ಅದರ ಮೇಲೆ ನಾಲ್ಕು ದೇಶಕ್ಕೆ ಕೆಂಪು ಬಣ್ಣ, ಬಾಣದ ಗುರುತು. ಬಿರಿಯಾನಿ ಆರುತ್ತಿತ್ತು. ನನಗೆ ಐದನೇ ಅಧ್ಯಾಯ ಜಾಸ್ತಿ ಹಿಡಿಸಿತು ಅಂದೆ. "ಅದ್ರಾಗ ಏನೈತ್ರೀ, ಅಂತ್ಯಕಾಲದ್ದು ಏನೂ ಇಲ್ಲ" ಅಂತ ತಳ್ಳಿಹಾಕಿಬಿಟ್ಟರು. ಹೇಳಬಾರದು, ಆದರೂ ಹೇಳುತ್ತೇನೆ: ಆ ಮನುಷ್ಯನ ನಾಲ್ಕು ತಿಂಗಳ ಉದ್ರಿ ಆಗಲೂ ನನ್ನ ಪುಸ್ತಕದಲ್ಲಿತ್ತು, ಈಗಲೂ ಇದೆ.

ಮೊದಲು ಆ ದರ್ಶನ ಕಂಡ ರಾತ್ರಿ ಯಾವುದು ಅಂತ ನೋಡಿ ಸ್ವಾಮಿ. ಪರ್ಷಿಯಾದ ಅರಸ ದಾರ್ಯಾವೆಷನ ಎರಡನೇ ವರ್ಷ, ನಮ್ಮ ಲೆಕ್ಕದಲ್ಲಿ ಕ್ರಿ.ಪೂ. 519ರ ಫೆಬ್ರವರಿ. ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಸೆರೆಯಿಂದ ಯೆಹೂದಿ ಜನ ಯೆರೂಸಲೇಮಿಗೆ ವಾಪಸ್ ಬಂದು ಹತ್ತಿರಹತ್ತಿರ 20 ವರ್ಷವಾಗಿದೆ. ಊರಿನ ಗೋಡೆ ಬಿದ್ದದ್ದು ಬಿದ್ದ ಹಾಗೇ ಇದೆ. ದೇವಾಲಯಕ್ಕೆ ತಳಪಾಯ ಹಾಕಿ ವರ್ಷಗಟ್ಟಲೆ ಕೈಬಿಟ್ಟಿದ್ದರು, ಹಗ್ಗಾಯ ಪ್ರವಾದಿ ಬೈದ ಮೇಲೆ ಐದು ತಿಂಗಳ ಹಿಂದಷ್ಟೇ ಮತ್ತೆ ಕೆಲಸ ಶುರುವಾಗಿದೆ. ಅಂಥ ಅರ್ಧ ಕಟ್ಟಿದ ಊರಿನಲ್ಲಿ ಒಬ್ಬ ಮನುಷ್ಯ ಒಂದೇ ರಾತ್ರಿ ಎಂಟು ದರ್ಶನ ಕಾಣುತ್ತಾನೆ.

ಕುದುರೆ ಸವಾರರು ಭೂಮಿಯೆಲ್ಲಾ ಸುತ್ತಿ ಬಂದು ಕೊಡುವ ವರದಿ ಏನು ಗೊತ್ತಾ? ಎಲ್ಲಾ ಕಡೆ ಶಾಂತವಾಗಿದೆ ಅಂತ. ಕೇಳಿದರೆ ಒಳ್ಳೆಯ ಸುದ್ದಿ, ಅಲ್ವಾ? ಆದರೆ ದೇವದೂತ ಸಂಕಟಪಟ್ಟು, ಯೆರೂಸಲೇಮಿನ ಮೇಲೆ ಇನ್ನೂ ಎಷ್ಟು ದಿನ ಸಿಟ್ಟು, 70 ವರ್ಷವಾಯಿತಲ್ಲ ಅಂತ ದೇವರಿಗೆ ಮೊರೆಯಿಡುತ್ತಾನೆ. ಸಾಮ್ರಾಜ್ಯಗಳು ಆರಾಮಾಗಿವೆ, ಬಿದ್ದ ಊರಿನವರದು ಮಾತ್ರ ಏನೂ ನೆಟ್ಟಗಾಗಿಲ್ಲ. ಕುದುರೆಯ ಬಣ್ಣ ಲೆಕ್ಕ ಹಾಕುವವರು ಈ ವರದಿಯನ್ನೇ ಓದಿರುವುದಿಲ್ಲ.

ಇನ್ನೊಂದು ಮಾತು. ದರ್ಶನ ಕಂಡವನಿಗೇ ಅದು ತಿಳಿದಿರಲಿಲ್ಲ. ಪುಸ್ತಕದ ತುಂಬ ಅವನದ್ದು ಒಂದೇ ಪ್ರಶ್ನೆ, ಸ್ವಾಮಿ, ಇವು ಏನು? ದೀಪಸ್ತಂಭದ ದರ್ಶನದಲ್ಲಂತೂ ದೂತ ತಿರುಗಿ, ಇವು ಏನೆಂದು ನಿನಗೆ ಗೊತ್ತಿಲ್ಲವೋ ಅಂತ ಎರಡು ಸಲ ಕೇಳುತ್ತಾನೆ, ಎರಡು ಸಲವೂ ಜೆಕರ್ಯ, ಇಲ್ಲ ಸ್ವಾಮಿ ಅನ್ನುತ್ತಾನೆ. ನೋಡಿದವನಿಗೆ ಗೊತ್ತಿಲ್ಲ, ಫಾರ್ವರ್ಡ್ ಮಾಡಿದವನಿಗೆ ಎಲ್ಲಾ ಗೊತ್ತು.

ಏಳನೇ ಅಧ್ಯಾಯಕ್ಕೆ ಬನ್ನಿ. ಇದು ಸುಮಾರು ಎರಡು ವರ್ಷ ಆದ ಮೇಲಿನ ಮಾತು. ಬೇತೇಲಿನ ಜನ ಬಂದು, ದೇವಾಲಯ ಸುಟ್ಟ ನೆನಪಿಗೆ ಐದನೇ ತಿಂಗಳಲ್ಲಿ ಅಳುತ್ತಾ ಉಪವಾಸ ಮಾಡುತ್ತಿದ್ದೆವಲ್ಲ, ಅದನ್ನು ಮುಂದುವರಿಸಬೇಕಾ ಅಂತ ಕೇಳುತ್ತಾರೆ. ಹೌದು ಅಥವಾ ಬೇಡ ಅಂದರೆ ಮುಗಿಯಿತು. ದೇವರಿಂದ ಬಂದ ಉತ್ತರ ಬೇರೆ: ಇಷ್ಟು ವರ್ಷ ಮಾಡಿದ್ದು ನನಗೋಸ್ಕರವೋ? ಆಮೇಲೆ ವಿಧವೆ, ಅನಾಥ, ಪರದೇಶಿ, ಬಡವ, ಇವರನ್ನು ಹಿಂಸಿಸಬೇಡಿ ಅಂತ. ಉಪವಾಸದ ಮಾತು ಬರುವುದು ಮುಂದಿನ ಅಧ್ಯಾಯದ ಕೊನೆಕೊನೆಗೆ. ಅಷ್ಟರಲ್ಲಿ ಬೇತೇಲಿನವರು ಯಾಕಾದರೂ ಕೇಳಿದೆವೋ ಅಂದುಕೊಂಡಿರಬೇಕು.

ನನ್ನನ್ನೂ ಯಾರಾದರೂ ಬೇರೆ ಪ್ರಶ್ನೆ ಕೇಳಬಹುದಿತ್ತು. ಜೆಕರ್ಯ ಓದಿದ ಮೇಲೆ ನಿಮ್ಮ ತಕ್ಕಡಿ ಏನಾಯ್ತು ಬ್ರದರ್, ಅಂತ. ಯಾರೂ ಕೇಳಲಿಲ್ಲ. ನಾನೇ ಹೇಳುತ್ತೇನೆ.

ಐದನೇ ಅಧ್ಯಾಯದಲ್ಲಿ ಮೊದಲು ಬರುವುದು ಹಾರುವ ಸುರುಳಿ. 20 ಮೊಳ ಉದ್ದ, 10 ಮೊಳ ಅಗಲ, ಹೆಚ್ಚುಕಡಿಮೆ ನಮ್ಮ ಅಂಗಡಿಯಷ್ಟೇ. ಅದು ಕಳ್ಳನ ಮನೆಗೂ ಸುಳ್ಳು ಆಣೆ ಇಡುವವನ ಮನೆಗೂ ಹೊಕ್ಕು, ಕಲ್ಲು ಮರ ಸಮೇತ ನಾಶ ಮಾಡುತ್ತೆ. ಇದನ್ನು ಓದುವಾಗ ನನಗೆ ಆ ಉದ್ರಿ ಗಿರಾಕಿಯೇ ಕಣ್ಣ ಮುಂದೆ ಬಂದದ್ದು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯಾಯಿತು. ಅದರ ಬೆನ್ನಿಗೇ ಏಫ ಬಂತು. ಏಫ ಅಂದರೆ ಧಾನ್ಯ ಅಳೆಯುವ ಪಾತ್ರೆ, ನಮ್ಮ ಸೇರು, ಕೊಳಗದ ಹಾಗೆ, ಸುಮಾರು 22 ಲೀಟರ್ ಹಿಡಿಯುತ್ತೆ. ಅದರೊಳಗೆ ಒಬ್ಬ ಹೆಂಗಸು ಕೂತಿದ್ದಾಳೆ, ಹೆಸರು ದುಷ್ಟತನ. ದೂತ ಅವಳನ್ನು ಒಳಕ್ಕೆ ತಳ್ಳಿ ಸೀಸದ ಮುಚ್ಚಳ ಹಾಕುತ್ತಾನೆ, ಕೊಕ್ಕರೆ ರೆಕ್ಕೆಯ ಇಬ್ಬರು ಹೆಂಗಸರು ಎತ್ತಿಕೊಂಡು ಶಿನಾರ್ ದೇಶಕ್ಕೆ, ಅಂದರೆ ಬಾಬೆಲಿನ ಸೀಮೆಗೆ, ಹಾರಿಹೋಗುತ್ತಾರೆ. ಅವಳನ್ನು ಬೇರೆಲ್ಲೋ ಕೂರಿಸಬಹುದಿತ್ತು. ಅಳತೆಯ ಪಾತ್ರೆಯಲ್ಲೇ ಯಾಕೆ? ಅದಕ್ಕಿಂತ 200 ವರ್ಷಕ್ಕೂ ಹಿಂದೆ ಆಮೋಸ ಪ್ರವಾದಿ ಇದೇ ಏಫದ ಹೆಸರು ಹಿಡಿದು ವ್ಯಾಪಾರಿಗಳನ್ನು ಬೈದಿದ್ದ. ಸಬ್ಬತ್ ದಿನ, ಅಂದರೆ ವ್ಯಾಪಾರ ನಿಲ್ಲಿಸುವ ವಾರದ ವಿಶ್ರಾಂತಿ ದಿನ, ಯಾವಾಗ ಮುಗಿಯುತ್ತೋ, ಏಫವನ್ನು ಕಿರಿದು ಮಾಡಿ ಮಾರೋಣ ಅಂತ ಕಾಯುವವರು ಅಂತ.

ಮರುದಿನ ಬೆಳಗ್ಗೆ ಅಂಗಡಿ ತೆಗೆದು, ಊದುಬತ್ತಿ ಡಬ್ಬಿಗಳನ್ನು ಸರಿಸಿ, ಖಾಲಿ ಕಾಗದದ ಕವರ್ ಒಂದನ್ನು ತಕ್ಕಡಿ ಮೇಲಿಟ್ಟೆ. 12 ಗ್ರಾಂ. ತೊಗರಿಬೇಳೆ ಕೆಜಿಗೆ 160 ರೂಪಾಯಿ ಅಂದರೆ ಹತ್ತಿರಹತ್ತಿರ 2 ರೂಪಾಯಿಯ ಕಾಗದ. ಮಸಾಲೆ ತೂಗುವ ಸಣ್ಣ ತಕ್ಕಡಿಯಲ್ಲಿ ಪ್ಲಾಸ್ಟಿಕ್ ಕವರ್ 2 ಗ್ರಾಂ. ಏಲಕ್ಕಿ 3000 ರೂಪಾಯಿ, ಅಲ್ಲಿಗೆ 6 ರೂಪಾಯಿ. ದಿನಕ್ಕೆ ನೂರು ಕವರ್ ಅಂತ ಹಿಡಿದೆ. ಮುಂದಕ್ಕೆ ಲೆಕ್ಕ ಹಾಕಲಿಲ್ಲ.

ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ ಅಂದುಕೊಳ್ಳಬೇಡಿ. ನನಗೆ ಮಾಲು ಬರುವಾಗ ಗೋಣಿಚೀಲದ ತೂಕವೂ ಸೇರಿಯೇ ಬರುತ್ತೆ. ಮೆಣಸಿನಕಾಯಿ ಇಟ್ಟಲ್ಲೇ ಒಣಗಿ ಇಳಿಯುತ್ತೆ. ಹೆಂಡತಿ, "ಕವರ್ ಏನು ಪುಕ್ಕಟೆ ಬರ್ತಾವೇನ್ರೀ?" ಅಂತ ಕೇಳಿದಳು, ಅದೂ ನ್ಯಾಯವೇ. ತಕ್ಕಡಿಗೆ ಟೇರ್ ಅಂತ ಒಂದು ಬಟನ್ ಇರುತ್ತೆ. ಖಾಲಿ ಕವರ್ ಇಟ್ಟು ಒತ್ತಿದರೆ ಸೊನ್ನೆ ಬರುತ್ತೆ, ಆಮೇಲೆ ತುಂಬಿದ್ದಷ್ಟೇ ತೂಕ. ಅಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ಈಗ ಒತ್ತುತ್ತೇನೆ. ಗದ್ದಲ ಇದ್ದಾಗ ಮರೆಯುತ್ತೇನೆ, ಅದನ್ನೂ ಹೇಳಿಬಿಡುತ್ತೇನೆ.

ಹೋದ ವಾರ ಆ ಗಿರಾಕಿ ಬಂದಿದ್ದರು. 50 ಗ್ರಾಂ ಏಲಕ್ಕಿ ಕೇಳಿದರು. ಕವರ್ ಇಟ್ಟೆ, ಬಟನ್ ಒತ್ತಿದೆ, ತುಂಬಲು ಕವರ್ ಎತ್ತಿದೆ. "ಇದೇನ್ರೀ, ಮೈನಸ್ ಎರಡು ತೋರಿಸ್ತೈತಿ, ತಕ್ಕಡಿ ಕೆಟ್ಟೈತೇನು?" ಅಂದರು. ಕೆಟ್ಟಿಲ್ಲ, ಕವರಿನ ತೂಕ ಕಳೆದಿದೆ ಅಂದೆ. ಸ್ವಲ್ಪ ಹೊತ್ತು ಆ ಅಂಕಿಯನ್ನೇ ನೋಡಿದರು. ಆಮೇಲೆ ಏಲಕ್ಕಿಯನ್ನು ಜೇಬಿಗೆ ಹಾಕಿಕೊಂಡು, "ಅದಿರ್ಲಿ ಬ್ರದರ್, ಬರ್ಕೋರಿ. ಆ ಬಿಳೀ ಕುದುರಿ ಯಾವ್ ದೇಶ ಅಂತೀರಿ?" ಅಂದರು.