ಹಾಲ್ ಆಫ್ ಫೇಮ್‌ನಲ್ಲಿದ್ದರೆ ಮೊದಲ ಸಾಲಿನ ಆಟಗಾರನೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅಮೆರಿಕನ್ ಫುಟ್‌ಬಾಲ್ ನೋಡುವವರ ನಡುವೆ ಹಳೆಯ ಆಟಗಾರನೊಬ್ಬನ ಬಗ್ಗೆ ವಾದ ಹತ್ತಿಕೊಂಡರೆ ಯಾರಾದರೂ ಒಬ್ಬರು ಅದನ್ನು ಒಂದೇ ಮಾತಿನಲ್ಲಿ ಮುಗಿಸಲು ನೋಡುತ್ತಾರೆ: "ಆತ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ, ಇನ್ನೇನು ಮಾತು?" ಆಮೇಲೆ ನನ್ನತ್ತ ತಿರುಗಿ, "ಅಲ್ಲವೇ?" ಎಂದು ಕೇಳುತ್ತಾರೆ. ಹಾಲ್ ಆಫ್ ಫೇಮ್ ಎಂದರೆ ಆಟದ ದಿಗ್ಗಜರನ್ನು ಆರಿಸಿ ಸೇರಿಸಿಕೊಳ್ಳುವ ಗೌರವ ಭವನ.

ಬಹುಪಾಲು ಸಲ ಹೌದು. ಆದರೆ ಅದು ಪುರಾವೆಯಲ್ಲ, ಪುರಾವೆ ನೋಡಿದವರು ಕೊಟ್ಟ ತೀರ್ಪು. ತೀರ್ಪು ಕೊಟ್ಟವರು ಯಾರು, ಯಾವ ನಿಯಮದ ಅಡಿಯಲ್ಲಿ, ಎಷ್ಟು ಜಾಗಕ್ಕೆ ಎಂದು ತಿಳಿಯದೆ ಅದರ ತೂಕ ಗೊತ್ತಾಗುವುದಿಲ್ಲ. ಇನ್ನು "ಆತ ಒಳಗಿಲ್ಲ, ಹಾಗಾಗಿ ಅಷ್ಟೇನೂ ದೊಡ್ಡವನಲ್ಲ" ಎನ್ನುವ ವಾದಕ್ಕಂತೂ ಬುಡವೇ ಇಲ್ಲ.

ಮೊದಲಿಗೆ, ಯಾವ ಹಾಲ್ ಎಂದು ಕೇಳಿಕೊಳ್ಳಿ. ವೃತ್ತಿಪರ ಆಟದ್ದು ಓಹಾಯೋದ ಕ್ಯಾಂಟನ್ ಊರಿನಲ್ಲಿದೆ. ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್ ಆಗಿ ಬೆಳೆದ ಕೂಟ ಹುಟ್ಟಿದ್ದು 1920ರಲ್ಲಿ ಅದೇ ಊರಿನ ಒಂದು ಕಾರು ಮಳಿಗೆಯಲ್ಲಿ; ಹಾಲ್ ತೆರೆದದ್ದು 1963ರಲ್ಲಿ. ಕಾಲೇಜು ಫುಟ್‌ಬಾಲಿನದು ಬೇರೆಯೇ, ಈಗ ಅಟ್ಲಾಂಟಾದಲ್ಲಿದೆ. ಟಿಮ್ ಟೀಬೋ 2023ರಲ್ಲಿ ಸೇರಿದ್ದು ಈ ಎರಡನೆಯದಕ್ಕೆ. ಕಾಲೇಜಿನಲ್ಲಿ ಅವರು ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದವರು. ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವರು) ಆಗಿ ಮೊದಲಿಂದಲೇ ಕಣಕ್ಕಿಳಿದ ಲೀಗ್ ಪಂದ್ಯಗಳು ಬರೇ ಹದಿನಾಲ್ಕು. ಹೈಸ್ಮನ್ ಎರಡು ಸಲ ಗೆದ್ದ ಆರ್ಚಿ ಗ್ರಿಫಿನ್ ಕೂಡ ಕಾಲೇಜು ಹಾಲ್‌ನಲ್ಲಿದ್ದಾರೆ, ಕ್ಯಾಂಟನ್‌ನಲ್ಲಿಲ್ಲ. ಬರೀ "ಹಾಲ್ ಆಫ್ ಫೇಮರ್" ಎಂದು ಬರೆದು ಬಿಡುವ ಲೇಖನಗಳಲ್ಲಿ ಈ ಎರಡೂ ಕಲಸಿಹೋಗುತ್ತವೆ.

ಕ್ಯಾಂಟನ್ನೇ ಆದರೂ ಒಳಗಿರುವವರೆಲ್ಲ ಆಟಗಾರರಾಗಿ ಬಂದವರಲ್ಲ. 1963ರ ಮೊದಲ ತಂಡದ 17 ಮಂದಿಯಲ್ಲಿ ಜೋ ಕಾರ್, ಬರ್ಟ್ ಬೆಲ್, ಟಿಮ್ ಮಾರಾ ಅವರಂಥ ಆಡಳಿತಗಾರರೂ ಮಾಲೀಕರೂ ಇದ್ದರು. ಟೋನಿ ಡಂಗಿ ಎನ್‌ಎಫ್‌ಎಲ್‌ನಲ್ಲಿ ಆಡಿದ್ದಾರೆ, ಆದರೆ 2016ರಲ್ಲಿ ಒಳಗೆ ಬಂದದ್ದು ಕೋಚ್ ಆಗಿ. ಇದರ ತಿರುವುಮುರುವು ಡಿಕ್ ಲೆಬೋ ಅವರದು. ಜೋನ್ ಬ್ಲಿಟ್ಜ್ ರಕ್ಷಣಾ ತಂತ್ರವನ್ನು ಬೆಳೆಸಿದ ಕೋಚ್ ಎಂದೇ ಜನ ಅವರನ್ನು ಬಲ್ಲರು, ಆದರೆ 2010ರಲ್ಲಿ ಆಯ್ಕೆಯಾದದ್ದು ಆಟಗಾರನ ಹೆಸರಿನಲ್ಲಿ. 62 ಇಂಟರ್‌ಸೆಪ್ಷನ್ ಹಿಡಿದವರು, ಅಂದರೆ ಎದುರಾಳಿಯ ಎಸೆತವನ್ನು ಅಷ್ಟು ಸಲ ಕಸಿದವರು, ಅರ್ಹತೆಗೆ ಕೊರತೆಯಿಲ್ಲ. ಆದರೂ ಮತ ಹಾಕಿದವರ ತಲೆಯಲ್ಲಿ ಕೋಚ್ ಲೆಬೋ ಸುಳಿಯಲೇ ಇಲ್ಲ ಎಂದರೆ ನಾನು ನಂಬುವುದಿಲ್ಲ.

ಈಗ ಮತದಾನದ ಲೆಕ್ಕ. ಹೆಚ್ಚಿನವರು ನೋಡದೆ ಬಿಡುವುದು ಇದನ್ನೇ. ಆಯ್ಕೆ ಸಮಿತಿಯಲ್ಲಿ ಸುಮಾರು 50 ಮಂದಿ, ಬಹುತೇಕರು ಫುಟ್‌ಬಾಲ್ ಪತ್ರಕರ್ತರು. ಆಟಗಾರ ನಿವೃತ್ತನಾಗಿ ಐದು ವರ್ಷ ಕಳೆದಿರಬೇಕು. 2025ರ ಆಯ್ಕೆಯಿಂದ ನಿಯಮ ಬಿಗಿಯಾಯಿತು: ಅಂತಿಮ ಪಟ್ಟಿಯ 15 ಹೆಸರುಗಳನ್ನು 10ಕ್ಕೆ, ಆಮೇಲೆ 7ಕ್ಕೆ ಇಳಿಸುತ್ತಾರೆ, ಉಳಿದ ಏಳರಲ್ಲಿ ಪ್ರತಿಯೊಬ್ಬ ಸದಸ್ಯನೂ ಐವರಿಗೆ ಮತ ಹಾಕುತ್ತಾನೆ, ಶೇ. 80 ಬಂದವರು ಒಳಗೆ. ಗುಣಿಸಿ ನೋಡಿ. 50 ಮಂದಿಯ 250 ಮತಗಳು ಏಳು ಹೆಸರುಗಳಿಗೆ ಹಂಚಿಹೋದರೆ ಸರಾಸರಿ ತಲಾ 36ರಷ್ಟಾಗುತ್ತದೆ, ಬೇಕಾದದ್ದು 40. ಅಂದರೆ ಏಳೂ ಜನ ಸರಿಸಮಾನ ಯೋಗ್ಯರಾಗಿದ್ದರೆ ಒಬ್ಬರಿಗೂ ಶೇ. 80 ಸಿಗುವುದಿಲ್ಲ! ಪಟ್ಟಿ ಗಟ್ಟಿಯಾದಷ್ಟೂ ಒಳಗೆ ಹೋಗುವುದು ಕಷ್ಟ. ಆ ವರ್ಷ ಏಳರಲ್ಲಿ ಗೆದ್ದವರು ಮೂವರೇ: ಎರಿಕ್ ಆಲನ್, ಜಾರೆಡ್ ಆಲನ್, ಆಂಟೋನಿಯೊ ಗೇಟ್ಸ್. ಏಳರೊಳಗೆ ಬಂದೂ ಹೊರಗುಳಿದವರಲ್ಲಿ ಲ್ಯೂಕ್ ಕೀಕ್ಲಿ ಇದ್ದರು. 2013ರ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ, ಐದು ಸಲ ಮೊದಲ ಆಲ್-ಪ್ರೊ ತಂಡ, ಅಂದರೆ ಆ ಋತುವಿನ ಶ್ರೇಷ್ಠರ ಪಟ್ಟಿ. ಅವರು ಆ ವರ್ಷ ಸೋತದ್ದು ಅಂಕಗಣಿತಕ್ಕೆ.

ಎರಿಕ್ ಆಲನ್ ಅವರ ಕಡೆಯ ಪಂದ್ಯ 2001ರ ಋತುವಿನದು. ಆಯ್ಕೆಯಾದದ್ದು 2025ರಲ್ಲಿ. ಈ ನಡುವೆ ಅವರ 54 ಇಂಟರ್‌ಸೆಪ್ಷನ್‌ಗಳಿಗೆ ಒಂದೂ ಸೇರಲಿಲ್ಲ. ಸಮಿತಿ ಬದಲಾಯಿತು, ಎದುರಾಳಿ ಹೆಸರುಗಳು ಬದಲಾದವು. ಸದಸ್ಯತ್ವವೇ ಪುರಾವೆ ಎನ್ನುವವರು ಇದಕ್ಕೆ ಉತ್ತರ ಹೇಳಬೇಕು: 2024ರಲ್ಲಿ ಅವರು ಮೊದಲ ಸಾಲಿನವರಾಗಿರಲಿಲ್ಲವೇ?

ಕಾಲದ ಅಳತೆ ತಪ್ಪುವುದು ಎಲ್ಲಿ ಎಂದು ನೋಡಲು ನಾನು ಯಾವಾಗಲೂ ಕೊಡುವ ಜೋಡಿ ಜೋ ನೇಮತ್ ಮತ್ತು ಕೆನ್ ಆಂಡರ್ಸನ್. ಇಬ್ಬರೂ ಕ್ವಾರ್ಟರ್‌ಬ್ಯಾಕ್. ನೇಮತ್ 1985ರಿಂದ ಹಾಲ್‌ನಲ್ಲಿದ್ದಾರೆ. ಅವರ ಒಟ್ಟು ಲೆಕ್ಕ: 173 ಟಚ್‌ಡೌನ್ ಪಾಸ್ (ಅಂಕ ತಂದ ಎಸೆತ), 220 ಇಂಟರ್‌ಸೆಪ್ಷನ್ (ಎದುರಾಳಿ ಕಸಿದ ಎಸೆತ), ಗುರಿ ಮುಟ್ಟಿದ ಎಸೆತ ಶೇ. 50.1. ಇಂದಿನ ಕಣ್ಣಿಗೆ ಇದು ಬೆಂಚಿನಲ್ಲಿ ಕೂರಿಸುವಂಥ ಲೆಕ್ಕ. ಆದರೆ ಹಾಗೆ ಓದುವುದೇ ತಪ್ಪು. 1978ರಲ್ಲಿ ನಿಯಮ ಬದಲಾಗುವ ಮುನ್ನ ರಕ್ಷಣೆಯವರು ಚೆಂಡು ಹಿಡಿಯುವ ರಿಸೀವರ್‌ಗಳನ್ನು ಮೈದಾನದುದ್ದಕ್ಕೂ ತಳ್ಳಿ ತಡೆಯಬಹುದಿತ್ತು. ಆಮೇಲೆ ಅದನ್ನು ಮೊದಲ ಐದು ಗಜಕ್ಕೆ ಮಿತಿಗೊಳಿಸಿದರು. ಆ ಕಾಲದಲ್ಲಿ ನೂರು ಎಸೆತಕ್ಕೆ ಐದರ ಆಸುಪಾಸು ಇಂಟರ್‌ಸೆಪ್ಷನ್ ಆಗುವುದು ಮಾಮೂಲಿ. ನೇಮತ್ ಅವರದು 5.8. ಅವರು ಉದ್ದದ ಎಸೆತದವರು, ಅದಕ್ಕೆ ಬೆಲೆ ತೆತ್ತರು. 1967ರಲ್ಲಿ 14 ಪಂದ್ಯಗಳಲ್ಲಿ 4,007 ಗಜ ಎಸೆದರು. ಋತುವೊಂದರಲ್ಲಿ 4,000 ಗಜ ದಾಟಿದವರಲ್ಲಿ ಅವರೇ ಮೊದಲಿಗರು. ಮುಂದೆ 1979ರಲ್ಲಿ ಡ್ಯಾನ್ ಫೌಟ್ಸ್ ಅದನ್ನು ಮಾಡಿದಾಗ ಋತು 16 ಪಂದ್ಯಕ್ಕೆ ಬೆಳೆದಿತ್ತು.

ಹಾಗಾದರೆ ನೇಮತ್ ಒಳಗಿರುವುದು ಸಂಖ್ಯೆಯಿಂದಲೇ? ಅಲ್ಲ. 1969ರ ಜನವರಿಯಲ್ಲಿ ನಡೆದ ಮೂರನೇ ಸೂಪರ್ ಬೌಲ್ ಫೈನಲ್‌ನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಗೆಲ್ಲುತ್ತದೆ ಎಂದೇ ಎಲ್ಲರ ಅಂದಾಜು. ಗೆಲುವು ನಮ್ಮದೇ ಎಂದು ನೇಮತ್ ಮೊದಲೇ ಖಾತರಿ ಕೊಟ್ಟರು, ಅವರ ತಂಡ ಜೆಟ್ಸ್ 16–7ರಲ್ಲಿ ಗೆದ್ದಿತು. ಒಂದೂ ಟಚ್‌ಡೌನ್ ಪಾಸ್ ಎಸೆಯದೆ ಅವರು ಪಂದ್ಯಶ್ರೇಷ್ಠರಾದರು. ಎಎಫ್‌ಎಲ್ ಎಂಬ ಎಳೆಯ ಲೀಗ್ ಎನ್‌ಎಫ್‌ಎಲ್‌ಗೆ ಸರಿಸಾಟಿ ಎಂದು ತೋರಿಸಿದ ಪಂದ್ಯ ಅದು. ಆಟದ ಚರಿತ್ರೆಯಲ್ಲಿ ನೇಮತ್ ಅವರಿಗೆ ಜಾಗ ಇರಲೇಬೇಕು. ಆದರೆ ಚರಿತ್ರೆಯಲ್ಲಿನ ಜಾಗ ಬೇರೆ, ವರ್ಷವರ್ಷವೂ ಮೊದಲ ಸಾಲಿನಲ್ಲಿ ಆಡುವುದು ಬೇರೆ. ಹಾಲ್ ಎರಡನ್ನೂ ಒಂದೇ ಕಂಚಿನ ಪ್ರತಿಮೆಯಲ್ಲಿ ಅಚ್ಚು ಹಾಕುತ್ತದೆ. 1967–69ರ ನೇಮತ್ ಮೊದಲ ಸಾಲಿನವರು. ಮೊಣಕಾಲು ಕೈಕೊಟ್ಟ ಮೇಲಿನ ನೇಮತ್ ಬಹುತೇಕ ಋತುಗಳಲ್ಲಿ ಅಲ್ಲ. ಇದು ನನ್ನ ತೀರ್ಪು.

ಸಿನ್ಸಿನಾಟಿಯ ಆಂಡರ್ಸನ್ 1971ರಿಂದ 1986ರ ತನಕ ಆಡಿದರು. ಎಸೆತಗಾರಿಕೆಯನ್ನು ಅಳೆಯುವ ಪಾಸರ್ ರೇಟಿಂಗ್‌ನಲ್ಲಿ ನಾಲ್ಕು ಸಲ ಲೀಗ್‌ಗೇ ಮೊದಲು: 1974, 1975, 1981, 1982. ನಿಯಮ ಬದಲಾಗುವ ಮುಂಚೆ ಎರಡು ಸಲ, ಆಮೇಲೆ ಎರಡು ಸಲ. 1981ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರ. ವೃತ್ತಿಜೀವನದ ಇಂಟರ್‌ಸೆಪ್ಷನ್ ನೂರಕ್ಕೆ 3.6. 1981ರ ಋತುವಿನ ಸೂಪರ್ ಬೌಲ್ ಅನ್ನು ಮಾತ್ರ 26–21ರಲ್ಲಿ ಸೋತರು. 2025ರ ಆಯ್ಕೆ ಮುಗಿದಾಗಲೂ ಅವರು ಹೊರಗೇ ಇದ್ದರು. ಅಂದಿನ ಐದು ಅಂಕ ಅತ್ತಿತ್ತ ಆಗಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ, ಆದರೆ ಅವರ ತೋಳೇನೂ ಬೇರೆಯಾಗುತ್ತಿರಲಿಲ್ಲ.

ಒಟ್ಟು ಮೊತ್ತ ನೋಡಿ ಅಳೆಯುವವರಿಗೆ ಇನ್ನೊಂದು ತೊಡಕು, ಚಿಕ್ಕ ವೃತ್ತಿಜೀವನ. ಗೇಲ್ ಸೇಯರ್ಸ್ ಆಡಿದ್ದು 68 ಪಂದ್ಯ, ಓಡಿದ್ದು 4,956 ಗಜ. ಆದರೆ 1965ರಿಂದ ಸತತ ಐದು ವರ್ಷ ಮೊದಲ ಆಲ್-ಪ್ರೊ ತಂಡದಲ್ಲಿದ್ದರು. ಎರಡೂ ಮೊಣಕಾಲು ಹೋದವು. 1977ರಲ್ಲಿ, 34ರ ವಯಸ್ಸಿಗೇ ಹಾಲ್ ಸೇರಿದರು. ಟೆರೆಲ್ ಡೇವಿಸ್ ಅವರದು 78 ಪಂದ್ಯ, 1998ರಲ್ಲಿ 2,008 ಗಜ, ಪ್ಲೇಆಫ್‌ನ ಎಂಟೇ ಪಂದ್ಯಗಳಲ್ಲಿ 1,140 ಗಜ. ಅವರನ್ನು 2017ರ ತನಕ ಕಾಯಿಸಿದರು. 1992ರಲ್ಲಿ ಕ್ಯಾಚ್, ಗಜ, ಟಚ್‌ಡೌನ್ ಮೂರರಲ್ಲೂ ಲೀಗ್‌ಗೆ ಮೊದಲಿಗರಾದ ಸ್ಟರ್ಲಿಂಗ್ ಶಾರ್ಪ್ ಕುತ್ತಿಗೆ ಪೆಟ್ಟಿನಿಂದ 1994ಕ್ಕೇ ಆಟ ಬಿಟ್ಟರು. ಬಹುಕಾಲದ ಹಿಂದೆ ಆಟ ಬಿಟ್ಟವರಿಗಿರುವ ಹಿರಿಯರ ವಿಭಾಗದಲ್ಲಿ ಆಯ್ಕೆಯಾದದ್ದು 2025ರಲ್ಲಿ. ಒಂದೇ ಬಗೆಯ ಅರ್ಹತೆಗೆ ಮೂರು ಬಗೆಯ ಕಾಯುವಿಕೆ.

ಆಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಬರೀ ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಒದೆಯುವವರಲ್ಲಿ ಮೊದಲಿಗರಾಗಿ ರೇ ಗೈ ಒಳಗೆ ಬಂದದ್ದು 2014ರಲ್ಲಿ, ಚೆಂಡು ಮರಳಿಸಿ ಓಡುವ ಕೆಲಸಕ್ಕೇ ಹೆಸರಾದ ಡೆವಿನ್ ಹೆಸ್ಟರ್ 2024ರಲ್ಲಿ. ಅದಕ್ಕೂ ಮುಂಚೆ ಆ ಜಾಗಗಳಲ್ಲಿ ಒಳ್ಳೆಯವರೇ ಇರಲಿಲ್ಲ ಎಂದೇನಲ್ಲ, ಸಮಿತಿ ಆ ಜಾಗಗಳನ್ನೇ ಲೆಕ್ಕಕ್ಕಿಡುತ್ತಿರಲಿಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ನಾನು ಮೊದಲು ಎಣಿಸುವುದು ಅಸೋಸಿಯೇಟೆಡ್ ಪ್ರೆಸ್‌ನ ಮೊದಲ ಆಲ್-ಪ್ರೊ ತಂಡದಲ್ಲಿ ಎಷ್ಟು ಋತು ಇದ್ದ ಎಂಬುದನ್ನು. ಅದು ಅದೇ ವರ್ಷ ನೋಡಿದವರು ಅದೇ ವರ್ಷ ಹೇಳಿದ ಮಾತು, ಇಪ್ಪತ್ತು ವರ್ಷದ ನೆನಪಿನ ಬಣ್ಣ ಅದಕ್ಕಿಲ್ಲ. ಮೂರು ಅಥವಾ ಹೆಚ್ಚಿದ್ದರೆ ನನಗೆ ವಾದ ಬೇಡ. ಒಂದೂ ಇಲ್ಲದಿದ್ದರೆ, ಆತ ಹಾಲ್‌ನಲ್ಲಿದ್ದರೂ ಕಾರಣ ಹುಡುಕುತ್ತೇನೆ. ತಾರಾ ಆಟಗಾರರ ಕೂಟವಾದ ಪ್ರೊ ಬೌಲ್‌ನ ಆಯ್ಕೆಗಳನ್ನು ಎಣಿಸುವುದು ಬೇಡ. ಆಯ್ಕೆಯಾದವರು ಹಿಂದೆ ಸರಿದರೆ ಬದಲಿಗಳು ಬರುತ್ತಾರೆ: 2022ರ ಋತುವಿನಲ್ಲಿ ಎರಡೇ ಟಚ್‌ಡೌನ್ ಪಾಸ್ ಎಸೆದ ಟೈಲರ್ ಹಂಟ್ಲಿ ಹಾಗೆಯೇ ಹೋದರು. ಇತ್ತ 65 ಇಂಟರ್‌ಸೆಪ್ಷನ್ ಹಿಡಿದ ಕೆನ್ ರೈಲಿ ಒಮ್ಮೆಯೂ ಹೋಗಲಿಲ್ಲ. 2020ರಲ್ಲಿ ತೀರಿಕೊಂಡ ಅವರನ್ನು ಹಾಲ್‌ಗೆ ಸೇರಿಸಿದ್ದು 2023ರಲ್ಲಿ.

ಎರಡನೆಯದು, ಸಂಖ್ಯೆಗಳನ್ನು ಅದೇ ಋತುವಿನ ಉಳಿದವರ ಪಕ್ಕದಲ್ಲಿಟ್ಟು ನೋಡುವುದು. ಪ್ರೊ ಫುಟ್‌ಬಾಲ್ ರೆಫರೆನ್ಸ್ ತಾಣದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಸರಾಸರಿಯನ್ನು 100 ಎಂದಿಟ್ಟು ಸರಿಹೊಂದಿಸಿದ ಪಟ್ಟಿ ಇದೆ. ನೇಮತ್ ಅವರಂಥವರನ್ನು ಓದಲು ಅದೇ ಸರಿ. ಉಳಿದ ಜಾಗಗಳಿಗೆ ಆ ವರ್ಷ ಲೀಗ್‌ನಲ್ಲಿ ಎಷ್ಟನೇ ಸ್ಥಾನ ಎಂದು ನೋಡಿದರೆ ಸಾಕು. ಒಂದು ಎಚ್ಚರಿಕೆ: ಎನ್‌ಎಫ್‌ಎಲ್ ಅಧಿಕೃತ ಅಂಕಿಅಂಶ ಇಡತೊಡಗಿದ್ದು 1932ರಿಂದ, ಸ್ಯಾಕ್‌ಗಳನ್ನು (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಎಣಿಸತೊಡಗಿದ್ದು 1982ರಿಂದ. ಅದಕ್ಕೂ ಮುಂಚೆ ಆಡಿದ ಡೀಕನ್ ಜೋನ್ಸ್ ಅವರ ಅಧಿಕೃತ ಸ್ಯಾಕ್ ಸೊನ್ನೆ ಎಂದು ನಗುವವರಿಗೆ ಇದು ಗೊತ್ತಿರುವುದಿಲ್ಲ.

ದಶಕದ ತಂಡಗಳನ್ನು ಬಹಳ ಜನ ಬೇರೆ ಸಾಕ್ಷಿಯಂತೆ ಮುಂದಿಡುತ್ತಾರೆ. "ಹಾಲ್‌ನಲ್ಲೂ ಇದ್ದಾನೆ, ದಶಕದ ತಂಡದಲ್ಲೂ ಇದ್ದಾನೆ" ಎಂದು. ಆ ತಂಡಗಳನ್ನು ಆರಿಸುವುದೂ ಹಾಲ್‌ನ ಆಯ್ಕೆ ಸಮಿತಿಯವರೇ. ಒಂದೇ ಬಾಯಿ ಎರಡು ಸಲ ಹೇಳಿದ್ದನ್ನು ಇಬ್ಬರ ಸಾಕ್ಷಿ ಎನ್ನಲಾಗದು.

ಎಲ್ಲಕ್ಕಿಂತ ಕಷ್ಟ ಆಫೆನ್ಸಿವ್ ಲೈನ್‌ನವರದು. ಎದುರಾಳಿಯನ್ನು ತಡೆದು ದಾರಿ ಮಾಡಿಕೊಡುವುದೇ ಅವರ ಕೆಲಸ, ಅದಕ್ಕೆ ಸ್ಕೋರ್ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ಇಲ್ಲಿ ಆಲ್-ಪ್ರೊ ಎಣಿಕೆಯ ಜೊತೆಗೆ ಎದುರು ನಿಂತು ಆಡಿದವರ ಮಾತು, ತಂಡ ಯಾರ ಹಿಂದೆ ಓಡುತ್ತಿತ್ತು ಎಂಬ ಪಂದ್ಯದ ಚಿತ್ರಣ, ಇವಿಷ್ಟೇ ಆಧಾರ. ಗ್ರೀನ್ ಬೇಯ ಗಾರ್ಡ್ (ಇದೇ ಸಾಲಿನ ಆಟಗಾರ) ಜೆರ್ರಿ ಕ್ರೇಮರ್ ಐದು ಸಲ ಮೊದಲ ಆಲ್-ಪ್ರೊ ತಂಡದಲ್ಲಿದ್ದರು, ಲೀಗ್‌ನ 50ನೇ ವರ್ಷದ ಸಾರ್ವಕಾಲಿಕ ತಂಡಕ್ಕೂ ಆಯ್ಕೆಯಾದರು. ಲೀಗ್‌ನ ಮೊದಲ ಐವತ್ತು ವರ್ಷಗಳಲ್ಲೇ ಶ್ರೇಷ್ಠ ಗಾರ್ಡ್ ಎನಿಸಿಕೊಂಡ ಅವರು 1968ರಲ್ಲಿ ಆಟ ಬಿಟ್ಟರು. ಸಮಿತಿ ಹತ್ತು ಸಲ ಅವರನ್ನು ಅಂತಿಮ ಪಟ್ಟಿಯಿಂದ ವಾಪಸು ಕಳಿಸಿ, ಕೊನೆಗೆ 2018ರಲ್ಲಿ, ಅವರಿಗೆ 82 ತುಂಬಿದ ಮೇಲೆ, ಒಳಗೆ ಕರೆಯಿತು.