ಇಸಾಕ್ ಜನ ನಿಜವಾಗ್ಲೂ ಅರಬ್ಬರಾ? ಕೊನೆಯ ಸಲ ಹೇಳುತ್ತೇನೆ

ಆಫ್ರಿಕಾದ ಪೂರ್ವ ಮೂಲೆಯ ಸೊಮಾಲಿಲ್ಯಾಂಡಿನ ರಾಜಧಾನಿ ಹರ್ಗೇಸಾದಲ್ಲಿ ಮೇಷ್ಟ್ರಾಗಿದ್ದೆ ಅಂತ ಗೊತ್ತಾದ ಕೂಡಲೇ ಜನ ಮೊದಲು ಕೇಳುವುದು ಕಡಲ್ಗಳ್ಳರ ಬಗ್ಗೆ. ಅದಕ್ಕೆ ಉತ್ತರ ಸುಲಭ. ನಾನು ಕಲಿಸುತ್ತಿದ್ದದ್ದು ಅಕೌಂಟೆನ್ಸಿ, ಕಡಲ್ಗಳ್ಳರು ಯಾರೂ ಅಡ್ಮಿಷನ್ ಮಾಡಿಸಿರಲಿಲ್ಲ. ಎರಡನೆಯದ್ದು ಸ್ವಲ್ಪ ಓದಿಕೊಂಡವರ ಪ್ರಶ್ನೆ. "ಅಲ್ಲಿ ಇಸಾಕ್ ಅಂತ ದೊಡ್ಡ ಕುಲ ಇದೆಯಂತಲ್ಲ, ಅರೇಬಿಯಾದಿಂದ ಬಂದವರಂತೆ. ನಿಜವಾಗ್ಲೂ ಅರಬ್ಬರಾ, ಇಲ್ಲ ಸುಮ್ನೆ ಹೇಳಿಕೊಳ್ತಾರಾ?" ಮದುವೆ ಮನೆಯಲ್ಲಿ ಕೇಳಿದ್ದಾರೆ, ರೈಲಿನಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರೂ ಕೇಳಿದ್ದಾರೆ. ಅವರೊಬ್ಬರಿಗೆ ಉತ್ತರ ಕೊಡಲಿಲ್ಲ, ಬಾಯಿ ತುಂಬ ಹತ್ತಿ ಇತ್ತು.

ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅವರು ಹೇಳಿಕೊಳ್ಳುವ ಕಥೆ ಹೀಗಿದೆ. ಶೇಖ್ ಇಸಾಕ್ ಬಿನ್ ಅಹ್ಮದ್ ಅಂತ ಒಬ್ಬ ಧರ್ಮಗುರು, ಪ್ರವಾದಿಯವರ ಮನೆತನದವರು, ಹನ್ನೆರಡನೆಯದೋ ಹದಿಮೂರನೆಯದೋ ಶತಮಾನದಲ್ಲಿ ಅರೇಬಿಯಾದಿಂದ ಸಮುದ್ರ ದಾಟಿ ಬಂದರು. ಮೈದ್ ಅನ್ನುವ ಊರಿನಲ್ಲಿ ನೆಲೆ ನಿಂತರು. ಏಡನ್ ಕೊಲ್ಲಿಯ ದಡದ ಸಣ್ಣ ಊರು ಅದು, ಹಿಂದೆ ಗುಡ್ಡದ ಸಾಲು, ಆ ಗುಡ್ಡಗಳಲ್ಲಿ ಲೋಬಾನದ ಮರ. ಶೇಖರ ಗೋರಿ ಇವತ್ತಿಗೂ ಅಲ್ಲೇ ಇದೆ, ಜನ ಜಿಯಾರತ್‌ಗೆ ಹೋಗುತ್ತಾರೆ. ಅವರಿಗೆ ಇಬ್ಬರು ಹೆಂಡಂದಿರು. ಒಬ್ಬಳು ಅಲ್ಲಿಯೇ ಇದ್ದ ಮಗಾದ್ಲೆ ಜನರ ಮಗಳು, ಇನ್ನೊಬ್ಬಳು ಇಥಿಯೋಪಿಯಾ ಕಡೆಯವಳು. ಒಬ್ಬೊಬ್ಬಳಿಗೆ ನಾಲ್ಕು ಗಂಡುಮಕ್ಕಳು. ಒಟ್ಟು ಎಂಟು. ಆ ಎಂಟರಿಂದ ಇಡೀ ಕುಲ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ "ಇಸಾಕ್ ಅಂದ್ರೆ ಬೈಬಲಿನ ಐಸಾಕಾ? ಯಹೂದಿಗಳಾ?" ಅಂತ ಬಾಯಿ ಹಾಕುತ್ತಾರೆ. ಅಲ್ಲ ಮಾರಾಯ್ರೇ. ಸೊಮಾಲಿ ಮುಸ್ಲಿಮರು. ಮುಂದಕ್ಕೆ ಹೋಗೋಣ.

ಇತಿಹಾಸ ಬಲ್ಲವರು ಏನು ಹೇಳುತ್ತಾರೆ? ಅರೇಬಿಯಾದಿಂದ ಧರ್ಮ ಬಂತು, ವ್ಯಾಪಾರ ಬಂತು, ಅದರ ಜೊತೆ ಅಷ್ಟಿಷ್ಟು ಜನರೂ ಬಂದಿರಬಹುದು. ಆದರೆ ಸೊಮಾಲಿ ಭಾಷೆ ಕುಶಿಟಿಕ್ ಕುಟುಂಬದ್ದು, ಆಫ್ರಿಕಾದ ಕೊಂಬು ಅನ್ನುವ ಆ ಪೂರ್ವ ಮೂಲೆಯದ್ದೇ. ಗಂಡು ಸಂತತಿಯ ಡಿಎನ್‌ಎ ನೋಡಿದವರಿಗೂ ಜಾಸ್ತಿ ಪಾಲು ಅಲ್ಲಿನ ಹಳೇ ಬೇರುಗಳೇ ಸಿಕ್ಕಿವೆ. ಇನ್ನೊಂದು ದೊಡ್ಡ ಕುಲ ದಾರೋದ್. ಅವರ ಮೂಲಪುರುಷನೂ ಅರೇಬಿಯಾದಿಂದಲೇ ಬಂದವನಂತೆ, ಅವನೂ ಅಲ್ಲಿನ ಹುಡುಗಿಯನ್ನೇ ಮದುವೆಯಾದನಂತೆ. ಹಾಗಾಗಿ ಇತಿಹಾಸಕಾರರು ಇದನ್ನು ಇಸ್ಲಾಮಿನ ಜೊತೆ ನಂಟು ಕಟ್ಟಿಕೊಂಡ ನೆನಪು ಅಂತ ಓದುತ್ತಾರೆ, ಹಡಗಿನ ಟಿಕೆಟ್ಟು ಅಂತ ಅಲ್ಲ.

ಹುಬ್ಬಳ್ಳಿಯ ಒಂದು ಮದುವೆ ಊಟದಲ್ಲಿ ಇಷ್ಟನ್ನೂ ಸಮಾಧಾನವಾಗಿ ಹೇಳಿದ್ದೆ. ಪಕ್ಕದಲ್ಲಿ ಕೂತಿದ್ದ ನಿವೃತ್ತ ಯಜಮಾನರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಕೇಸು ಗೆದ್ದವರ ಹಾಗೆ, "ಅಂದ್ರೆ ಸುಳ್ಳು ಅಂತಾಯ್ತು" ಅಂದರು. ನನಗೆ ರೇಗಿತು. "ಸರ್, ಮೈಸೂರು ಒಡೆಯರ ಯದುರಾಯರು ದ್ವಾರಕೆಯಿಂದ ಬಂದರು ಅಂತ ನೀವೇ ಮೊಮ್ಮಕ್ಕಳಿಗೆ ಹೇಳಿಕೊಟ್ಟಿರುತ್ತೀರಿ, ಅಲ್ವಾ?" ಅಂದೆ. "ಅದು ಬೇರೆ" ಅಂದರು. ಹೇಗೆ ಬೇರೆ ಅಂತ ಕೇಳಿದೆ. "ಅದು ಬೇರೆ ರೀ" ಅಂತ ಸಾರು ಬಡಿಸುವವನನ್ನು ಕರೆದರು. ನಮ್ಮ ರಾಜರು ದೂರದಿಂದ ಬಂದರೆ ಪರಂಪರೆ, ಅವರ ಶೇಖರು ದೂರದಿಂದ ಬಂದರೆ ಬುರುಡೆ! ಪ್ರಶ್ನೆಗಿಂತ ಜಾಸ್ತಿ ಆ "ನಿಜವಾಗ್ಲೂ" ಅನ್ನುವ ರಾಗ ನನಗೆ ಆಗಿಬರುವುದಿಲ್ಲ. ಕಳ್ಳನ ಜೇಬು ತಡಕುವ ಪೊಲೀಸರ ರಾಗ ಅದು.

ಇನ್ನೂ ಒಂದಿದೆ. ಅಲ್ಲಿ ಇದ್ದಷ್ಟು ಕಾಲ ಶೇಖ್ ಇಸಾಕ್ ಅರಬ್ಬರಾ ಅಲ್ಲವಾ ಅಂತ ಯಾರೂ ಚರ್ಚೆ ಮಾಡಿದ್ದನ್ನು ನಾನು ಕೇಳಲಿಲ್ಲ. ಗೌರವ ಇದೆ, ಹೆಸರು ಬಂದರೆ ತಲೆ ಬಾಗುತ್ತದೆ. ಅಷ್ಟೇ. ದಿನ ಬೆಳಗಾದರೆ ಲೆಕ್ಕಕ್ಕೆ ಬರುವುದು ತೀರಾ ಮೇಲಿನ ಅಜ್ಜ ಅಲ್ಲ, ಕೆಳಗಿನ ಆರೇಳು ಅಜ್ಜಂದಿರು. ಮರವನ್ನು ಬುಡದಿಂದ ನೋಡುವವರಿಗೆ ಇದು ಅರ್ಥವಾಗುವುದು ಕಷ್ಟ. ಅಲ್ಲಿನವರು ನೋಡುವುದು ತಾವು ಕೂತ ಕೊಂಬೆಯಿಂದ.

ಮೊದಲ ದಿನ ಹಾಜರಿ ಪುಸ್ತಕ ತೆರೆದಾಗಲೇ ನನಗೆ ಇದರ ರುಚಿ ಸಿಕ್ಕಿತ್ತು. ಮೊಹಮದ್ ಅಲಿ ಅಹ್ಮದ್. ಅಹ್ಮದ್ ಮೊಹಮದ್ ಅಲಿ. ಅಲಿ ಅಹ್ಮದ್ ಮೊಹಮದ್. ಮೂವರೂ ಬೇರೆ ಬೇರೆ ಹುಡುಗರು, ಮೂವರೂ ಒಂದೇ ಬೆಂಚು. ಸೊಮಾಲಿಗಳಿಗೆ ಮನೆತನದ ಹೆಸರು ಇಲ್ಲ. ತನ್ನ ಹೆಸರು, ಅಪ್ಪನದು, ಅಜ್ಜನದು, ಅಲ್ಲಿಗೆ ಕಾಗದದ ಮೇಲೆ ನಿಲ್ಲುತ್ತದೆ. ಬಾಯಲ್ಲಿ ನಿಲ್ಲುವುದಿಲ್ಲ. ಮುತ್ತಜ್ಜ, ಅವನ ಅಪ್ಪ, ಅವನ ಅಪ್ಪ ಅಂತ ಮಗು ಸಣ್ಣದಿರುವಾಗಲೇ ಮಗ್ಗಿ ಹೇಳಿದ ಹಾಗೆ ಕಲಿಯುತ್ತದೆ. ಅದಕ್ಕೆ ಅಬ್ತಿರ್ಸಿ ಅನ್ನುತ್ತಾರೆ. ಗುರುತಿಗೆ ಅಡ್ಡಹೆಸರುಗಳು ಬೇರೆ ಇರುತ್ತವೆ. 2024ರ ಚುನಾವಣೆಯಲ್ಲಿ ಸೊಮಾಲಿಲ್ಯಾಂಡಿನ ಅಧ್ಯಕ್ಷರಾಗಿ ಗೆದ್ದ ಅಬ್ದಿರಹ್ಮಾನ್ ಮೊಹಮದ್ ಅಬ್ದುಲ್ಲಾಹಿ ಅವರನ್ನು ಊರೆಲ್ಲ ಕರೆಯುವುದೇ 'ಇರ್ರೊ' ಅಂತ, ನರೆಗೂದಲಿನವನು ಅಂತ. ನಮ್ಮಲ್ಲಿ ಅಧ್ಯಕ್ಷರನ್ನು ಹಾಗೆ ಕರೆದರೆ ಮಾನನಷ್ಟ ಮೊಕದ್ದಮೆ ಬೀಳುತ್ತದೆ.

ಕವಲುಗಳ ಪಟ್ಟಿಯನ್ನೂ ಕೇಳುತ್ತಾರೆ, ಅದನ್ನೂ ಮುಗಿಸಿಬಿಡುತ್ತೇನೆ. ಮೊದಲ ಒಡಕು ಇಬ್ಬರು ತಾಯಂದಿರಿಂದ. ಒಂದು ಕಡೆ ಹಬರ್ ಮಗಾದ್ಲೆ, ಇನ್ನೊಂದು ಕಡೆ ಹಬರ್ ಹಬುಶೀದ್. ಹಬರ್ ಅಂದರೆ ತಾಯಿ, ಮುದುಕಿ. ಮಗಾದ್ಲೆ ಕಡೆ ಗರ್ಹಜಿಸ್, ಹಬರ್ ಅವಲ್, ಅರಪ್, ಅಯೂಬ್. ಗರ್ಹಜಿಸ್ ಮತ್ತೆ ಒಡೆದು ಹಬರ್ ಯೂನಿಸ್ ಮತ್ತು ಈದಗಲೆ. ಹಬರ್ ಅವಲ್‌ನಲ್ಲಿ ದೊಡ್ಡವು ಎರಡು, ಸಾದ್ ಮೂಸಾ ಮತ್ತು ಈಸಾ ಮೂಸಾ. ಬರ್ಬೆರಾ ಬಂದರಿನ ವ್ಯಾಪಾರ ಹಳೇ ಕಾಲದಿಂದ ಹಬರ್ ಅವಲ್ ಕೈಯಲ್ಲಿ. ಕಛ್ ಕಡೆಯ ಬನಿಯಾಗಳು ಹಡಗಿನಲ್ಲಿ ಹೋಗಿ ಇಳಿಯುತ್ತಿದ್ದದ್ದೂ ಅಲ್ಲೇ. ಇಳಿದವರಿಗೆ ಅಬ್ಬಾನ್ ಅನ್ನುವ ಒಬ್ಬ ಸ್ಥಳೀಯ ರಕ್ಷಕ ಬೇಕಿತ್ತು, ದಲ್ಲಾಳಿಯೂ ಅವನೇ, ಜಾಮೀನೂ ಅವನೇ. ಇನ್ನು ಹಬುಶೀದ್ ಕಡೆ ಹೆಸರು ಮಾಡಿದ್ದು ಹಬರ್ ಜೆಲೊ, ಬುರಾವ್ ಪಟ್ಟಣದಿಂದ ಪೂರ್ವಕ್ಕೆ. ಇವುಗಳ ಕೆಳಗೆ ಕವಲು, ಕವಲಿನ ಕೆಳಗೆ ಕವಲು. ಅಲ್ಲಿಂದ ಮುಂದೆ ನನ್ನನ್ನು ಕೇಳಬೇಡಿ, ಹರ್ಗೇಸಾದ ಯಾವುದಾದರೂ ಚಹಾ ಅಂಗಡಿಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ.

ಈಗ ನೀವು ಕೇಳಬೇಕಾಗಿದ್ದ, ಆದರೆ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ಎಷ್ಟನೇ ಅಜ್ಜನವರೆಗೆ ದುಡ್ಡು ಕೊಡಬೇಕು?

ಒಂದು ಸಂಜೆ ಸಹೋದ್ಯೋಗಿಯೊಬ್ಬರ ಜೊತೆ ಕೂತು ಪೇಪರ್ ತಿದ್ದುತ್ತಿದ್ದೆ. ಮುಂದೆ ಹಾಲು ಸಕ್ಕರೆ ಜಾಸ್ತಿ ಹಾಕಿದ ಚಹಾ. ಅವರ ಫೋನು ಬಂತು. "ಹಾ, ಹಾ" ಅಂತ ಎರಡು ನಿಮಿಷ ಕೇಳಿದರು. ಫೋನಿನಲ್ಲೇ ಜಾದ್ ತೆರೆದು ಕೆಲವು ಡಾಲರ್ ಕಳಿಸಿದರು. ಜಾದ್ ಅಂದರೆ ಅಲ್ಲಿನ ಫೋನ್ ಹಣ, ನಮ್ಮ ಯುಪಿಐಗಿಂತ ಎಷ್ಟೋ ವರ್ಷ ಮೊದಲೇ, 2009ರಲ್ಲೇ ಶುರುವಾಗಿತ್ತು. ಆಮೇಲೆ ಕೆಂಪು ಪೆನ್ನು ಎತ್ತಿಕೊಂಡು ಮುಂದಿನ ಪೇಪರ್ ತಿದ್ದಲು ಹೊರಟರು. ಏನಾಯ್ತು ಅಂತ ಕೇಳಿದೆ. ಬುರಾವ್ ರಸ್ತೆಯಲ್ಲಿ ಲಾರಿ ಒಬ್ಬನಿಗೆ ಗುದ್ದಿದೆ, ಅವನು ತೀರಿಕೊಂಡಿದ್ದಾನೆ, ಲಾರಿ ಓಡಿಸುತ್ತಿದ್ದವನು ನಮ್ಮವನು ಅಂದರು. ಅಯ್ಯೋ, ಹತ್ತಿರದವನಾ? ಇಲ್ಲ, ಮುಖ ನೋಡಿಲ್ಲ, ಹೆಸರು ಈಗ ಕೇಳಿದೆ. ಮತ್ತೆ? ಅವನ ಅಜ್ಜ, ನನ್ನ ಅಜ್ಜ ಮೇಲೆ ಹೋಗಿ ಒಂದು ಕಡೆ ಸೇರುತ್ತಾರೆ ಅಂದರು. ಒಂದು ಸ್ಟೂಡೆಂಟಿಗೆ ಡೆಪ್ರಿಸಿಯೇಷನ್ ಲೆಕ್ಕದಲ್ಲಿ ಅರ್ಧ ಮಾರ್ಕು ಕೊಡಬೇಕಾ ಬೇಡವಾ ಅಂತ ಅವರು ಅದಕ್ಕಿಂತ ಜಾಸ್ತಿ ಹೊತ್ತು ಯೋಚನೆ ಮಾಡಿದರು.

ಇದು ಮಗ್, ಹೋದ ಜೀವಕ್ಕೆ ಕೊಡುವ ಪರಿಹಾರ. ಅರಬ್ಬಿಯಲ್ಲಿ ದಿಯಾ ಅನ್ನುತ್ತಾರೆ. ಒಬ್ಬ ಗಂಡಸು ಸತ್ತರೆ ಹಳೇ ಲೆಕ್ಕ 100 ಒಂಟೆ. ಪೇಟೆಯಲ್ಲಿ ಈಗ ನಗದು. ಕೊಡುವವನು ಕೊಂದವನೊಬ್ಬನೇ ಅಲ್ಲ, ಅವನ ಮಗ್ ಗುಂಪಿನ ಗಂಡಸರೆಲ್ಲ. ತೆಗೆದುಕೊಳ್ಳುವುದೂ ಸತ್ತವನ ಹೆಂಡತಿ ಮಕ್ಕಳಷ್ಟೇ ಅಲ್ಲ, ಅವನ ಗುಂಪು. ಒಂದೊಂದು ಗುಂಪಿನಲ್ಲಿ ಕೆಲವು ನೂರರಿಂದ ಕೆಲವು ಸಾವಿರ ಗಂಡಸರು. ಹತ್ತಿರದವರಿಗೆ ಜಾಸ್ತಿ ಪಾಲು, ದೂರದವರಿಗೆ ಕಮ್ಮಿ. ಯಾವ ಗಾಯಕ್ಕೆ ಎಷ್ಟು, ಬೈಗುಳಕ್ಕೆ ಎಷ್ಟು ಅಂತ ಗುಂಪು ಗುಂಪುಗಳ ನಡುವೆ ಒಪ್ಪಂದ ಇರುತ್ತದೆ, ಅದು ಹೇರ್. ಬ್ರಿಟಿಷರು ಇದ್ದಾಗ ಈ ಒಪ್ಪಂದಗಳನ್ನು ಬರೆಸಿ ಜಿಲ್ಲಾ ಕಚೇರಿಯಲ್ಲಿ ಇಡಿಸುತ್ತಿದ್ದರು. ಇನ್ಶೂರೆನ್ಸ್ ಕಂಪನಿ, ಕೋರ್ಟು, ಪೊಲೀಸು ಎಲ್ಲಾ ಸೇರಿಸಿ ಒಂದು ಮಾಡಿ, ಅದಕ್ಕೆ ಅಜ್ಜಂದಿರ ಹೆಸರಿಟ್ಟರೆ ಆಗುವುದು ಇದು. ಮಗು ಅಬ್ತಿರ್ಸಿ ಬಾಯಿಪಾಠ ಮಾಡುವುದು ಜಂಬಕ್ಕಲ್ಲ. ನಾಳೆ ಲಾರಿ ಗುದ್ದಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರಲಿ ಅಂತ.

ಬ್ರಿಟಿಷರ ಮಾತು ಬಂತಲ್ಲ. 1884ರಿಂದ 1886ರ ನಡುವೆ ಅವರು ಆ ಕರಾವಳಿಗೆ ಬಂದಾಗ ಸಹಿ ಮಾಡಿಸಲು ಒಬ್ಬ ರಾಜ ಸಿಗಲಿಲ್ಲ. ಹಬರ್ ಅವಲ್ ಜೊತೆ ಒಂದು ಒಪ್ಪಂದ, ಗರ್ಹಜಿಸ್ ಜೊತೆ ಒಂದು, ಹಬುಶೀದ್ ಕಡೆಯ ಹಬರ್ ತೊಲ್‌ಜೆಲೊ ಜೊತೆ ಇನ್ನೊಂದು, ಇಸಾಕ್ ಅಲ್ಲದ ಈಸಾ, ಗದಬುರ್ಸಿ, ವರ್ಸಂಗೆಲಿ ಜೊತೆ ಬೇರೆ ಬೇರೆ. 1898ರವರೆಗೆ ಆ ಸೀಮೆಯ ಆಡಳಿತ ಏಡನ್ ಮೂಲಕ ಬೊಂಬಾಯಿ ಸರ್ಕಾರದ ಕೈಯಲ್ಲಿತ್ತು. ನಮ್ಮ ಧಾರವಾಡ ಜಿಲ್ಲೆಯನ್ನು ಆಳುತ್ತಿದ್ದ ಅದೇ ಬೊಂಬಾಯಿ ಸರ್ಕಾರ. 1941ರವರೆಗೂ ಅಲ್ಲಿ ನಡೆಯುತ್ತಿದ್ದ ದುಡ್ಡೂ ನಮ್ಮ ರೂಪಾಯಿಯೇ. ಹುಬ್ಬಳ್ಳಿಯ ಯಜಮಾನರಿಗೆ ಇದನ್ನು ಹೇಳಬೇಕಿತ್ತು, ಹೊಳೆಯಲಿಲ್ಲ.

"ಈ ಕುಲದ ಹುಚ್ಚಿನಿಂದಲೇ ಅಲ್ವಾ ಅವರು ಹೊಡೆದಾಡಿ ಹಾಳಾಗಿದ್ದು?" ಇದೂ ಕೇಳುತ್ತಾರೆ. ಅರ್ಧ ನಿಜ. ಹರ್ಗೇಸಾ ಆಗ ಸೊಮಾಲಿಯಾದ ಭಾಗ. ಆ ದೇಶದ ಸರ್ವಾಧಿಕಾರಿ ಸಿಯಾದ್ ಬರೆ ಅಧಿಕಾರಕ್ಕೆ ಬಂದ ಮೇಲೆ ಕುಲದ ಮಾತನ್ನೇ ನಿಷೇಧಿಸಿದ. ಅಣ್ಣತಮ್ಮ ಅನ್ನಬೇಡಿ, ಜಾಲೆ ಅನ್ನಿ, ಅಂದರೆ ಕಾಮ್ರೇಡ್ ಅನ್ನಿ ಅಂದ. ಕುಲ ಕೇಳುವ ಹಾಗಿಲ್ಲವಲ್ಲ, ಜನ "ನಿನ್ನ ಮಾಜಿ ಕುಲ ಯಾವುದು" ಅಂತ ಕೇಳುತ್ತಿದ್ದರಂತೆ. ಅಷ್ಟು ಮಾಡಿದವನ ಸರ್ಕಾರವೇ 1988ರಲ್ಲಿ ಕುಲ ನೋಡಿ, ಇಸಾಕ್ ಜನರ ಊರು ಅಂತ, ಹರ್ಗೇಸಾ ಮೇಲೆ ಬಾಂಬು ಹಾಕಿತು. ವಿಮಾನಗಳು ಹಾರಿದ್ದು ಅದೇ ಊರಿನ ಏರ್‌ಪೋರ್ಟಿನಿಂದ. ಬಿದ್ದ ಒಂದು ಮಿಗ್ ವಿಮಾನ ಈಗ ಪೇಟೆ ನಡುವೆ ಸ್ಮಾರಕವಾಗಿ ನಿಂತಿದೆ, ಅದರ ನೆರಳಲ್ಲಿ ದುಡ್ಡು ಬದಲಾಯಿಸುವವರು ನೋಟಿನ ಇಟ್ಟಿಗೆ ಜೋಡಿಸಿಕೊಂಡು ಕೂರುತ್ತಾರೆ. ಕುಲದಿಂದ ಆದದ್ದು ಇದು ಅಂತ ಬೇಕಾದರೆ ಅನ್ನಿ. ಆದರೆ 1991ರ ಮೇ 18ಕ್ಕೆ ಬುರಾವ್‌ನಲ್ಲಿ ಸೊಮಾಲಿಲ್ಯಾಂಡ್ ಬೇರೆ ದೇಶ ಅಂತ ಘೋಷಿಸಿದ್ದೂ, 1993ರಲ್ಲಿ ಬೊರಾಮದಲ್ಲಿ ತಿಂಗಳುಗಟ್ಟಲೆ ಕೂತು ಸರ್ಕಾರ ಕಟ್ಟಿದ್ದೂ ಅದೇ ಕುಲಗಳ ಹಿರಿಯರು. ಆ ಹಿರಿಯರ ಸಭೆ, ಗುರ್ತಿ, ಇವತ್ತಿಗೂ ಮೇಲ್ಮನೆಯಾಗಿ ಇದೆ. ಕಟ್ಟಿದ ಮರುವರ್ಷವೇ, 1994ರಲ್ಲಿ, ಇಸಾಕ್ ಕವಲುಗಳೇ ತಮ್ಮತಮ್ಮಲ್ಲಿ ಬಡಿದಾಡಿದವು, ಆಮೇಲೆ ಮತ್ತೆ ಕೂತು ರಾಜಿಯಾದವು. ಬಡಿದಾಡಿಸುವುದೂ ಕೂರಿಸುವುದೂ ಒಂದೇ ಪಟ್ಟಿ.

ಇದನ್ನೆಲ್ಲ ಹೇಳಿ ನಾನು ಆ ವ್ಯವಸ್ಥೆಯ ವಕೀಲನಾಗಿಬಿಟ್ಟೆ ಅಂತ ಅನ್ನಿಸಬಹುದು. ಹಾಗೇನಿಲ್ಲ. ಹೆಂಗಸಿನ ಮಗ್ ಹಳೇ ಲೆಕ್ಕದಲ್ಲಿ 50 ಒಂಟೆ, ಗಂಡಸಿನ ಅರ್ಧ. ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗುವುದಿಲ್ಲ. ಸಾಯುವವರೆಗೂ ಅವಳು ಅಪ್ಪನ ಕುಲದವಳೇ, ಆದರೆ ಅವಳ ಮಕ್ಕಳು ಗಂಡನ ಕುಲದವರು. ಕೇಳಲು ಚೆಂದ. ಎರಡು ಗುಂಪು ಬಡಿದಾಡುವಾಗ ಅವಳಿಗೆ ಒಂದು ಕಡೆ ಅಣ್ಣ, ಇನ್ನೊಂದು ಕಡೆ ಮಗ. ಚುನಾವಣೆಗೆ ನಿಂತರೆ ಅಪ್ಪನ ಕಡೆಯವರು "ಅವಳು ಅಲ್ಲಿ ಸೇರಿದವಳು" ಅನ್ನುತ್ತಾರೆ, ಗಂಡನ ಕಡೆಯವರು "ನಮ್ಮವಳಲ್ಲ" ಅನ್ನುತ್ತಾರೆ. ಪಾರ್ಟಿ ಟಿಕೆಟ್ ಇದ್ದರೂ ಕುಲದ ಟಿಕೆಟ್ ಸಿಗುವುದಿಲ್ಲ.

2021ರಲ್ಲಿ 82 ಸೀಟಿನ ಕೆಳಮನೆಗೆ ಚುನಾವಣೆ ನಡೆಯಿತು. ಮಹಿಳೆಯರು ನಿಂತಿದ್ದರು. ಒಬ್ಬರೂ ಗೆಲ್ಲಲಿಲ್ಲ. ಹಬರ್ ಅವಲ್, ಹಬರ್ ಯೂನಿಸ್, ಹಬರ್ ಜೆಲೊ ಅಂತ ತಾಯಿ ಅನ್ನುವ ಹೆಸರು ಹೊತ್ತ ಕವಲುಗಳಿಂದ ಬಂದ ಗಂಡಸರು ಆ ಸೀಟುಗಳಲ್ಲಿ ಕೂತರು. ನನ್ನ ಕ್ಲಾಸಿನ ಒಬ್ಬ ಹುಡುಗಿ ಈ ಲೆಕ್ಕವನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದಳು, ಇಪ್ಪತ್ತು ಅಜ್ಜಂದಿರ ಹೆಸರನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಅಜ್ಜಿಯರ ಹೆಸರು ಕೇಳಿದೆ. ಎರಡು ಹೇಳಿ, ಮೂರನೆಯದಕ್ಕೆ ಅಮ್ಮನಿಗೆ ಫೋನ್ ಮಾಡಿದಳು.